ಪಾರಿವಾಳಕ್ಕೆ ಯುದ್ಧ ಗೊತ್ತಿಲ್ಲ: ಸಮರಕಾಲದ ಪ್ರಾಣಿಗಳ ಹಾಸ್ಯಚಿತ್ರವನ್ನು ವಿದ್ಯಾರ್ಥಿಗಳು ಕಟ್ಟುವ ಬಗೆ

1918ರ ಅಕ್ಟೋಬರ್ 4. ಫ್ರಾನ್ಸಿನ ಆರ್ಗೋನ್ ಕಾಡಿನ ಕಣಿವೆಯೊಂದರಲ್ಲಿ ಅಮೆರಿಕದ 77ನೇ ಡಿವಿಜನ್ನಿಗೆ ಸೇರಿದ ಐನೂರಕ್ಕೂ ಹೆಚ್ಚು ಸೈನಿಕರು ಜರ್ಮನ್ ಪಡೆಗಳ ನಡುವೆ ಸಿಕ್ಕಿಬಿದ್ದಿದ್ದರು. ಅಂದು ಅವರ ಮೇಲೆ ಬೀಳತೊಡಗಿದ್ದು ಅವರದೇ ಸೈನ್ಯದ ಫಿರಂಗಿ ಗುಂಡುಗಳು. ನಾವಿರುವ ಜಾಗ ಇದು, ಗುಂಡು ಹಾರಿಸುವುದನ್ನು ನಿಲ್ಲಿಸಿ ಎಂದು ಮೇಜರ್ ಚಾರ್ಲ್ಸ್ ವಿಟ್ಲ್‌ಸಿ ಒಂದು ಚೀಟಿ ಬರೆದರು. ಬುಟ್ಟಿಯಲ್ಲಿ ಉಳಿದಿದ್ದವು ಎರಡೇ ಪಾರಿವಾಳ. ಒಂದು ಚೀಟಿ ಕಟ್ಟುವ ಮೊದಲೇ ಕೈಜಾರಿ ಹಾರಿಹೋಯಿತಂತೆ. ಕೊನೆಯದಾಗಿ ಉಳಿದ 'ಷೇರ್ ಅಮಿ'ಯನ್ನು ಮೇಲಕ್ಕೆ ತೂರಿದರೆ ಅದು ಹತ್ತಿರದ ಮರದ ಕೊಂಬೆಯ ಮೇಲೆ ಹೋಗಿ ಕೂತು ಗರಿ ತೀಡಿಕೊಳ್ಳತೊಡಗಿತು, ಸೈನಿಕರು ಕೆಳಗಿನಿಂದ ಕೂಗಿ, ಕಲ್ಲೆಸೆದು, ಕಡೆಗೆ ಮರ ಹತ್ತಿ ಕೊಂಬೆ ಅಲುಗಿಸಿ ಓಡಿಸಬೇಕಾಯಿತು ಎಂದು ಆ ಘಟನೆಯ ಕಥನಗಳು ಹೇಳುತ್ತವೆ. ಆಮೇಲೆ ಅದು ಹಾರಿತು. ಎದೆಗೆ ಗುಂಡು ತಗುಲಿ, ಒಂದು ಕಾಲು ಜಜ್ಜಿಹೋಗಿ, ಗೂಡು ಸೇರಿತು.

ಸುತ್ತಲೂ ಗುಂಡು ಸಿಡಿಯುತ್ತಿರುವಾಗ ಕೊಂಬೆಯ ಮೇಲೆ ಕೂತು ಗರಿ ತೀಡಿಕೊಳ್ಳುವ ಹಕ್ಕಿ. ಆ ಕ್ಷಣವನ್ನು ಕೇಳಿದವರಿಗೆ ಮೊದಲು ನಗು ಬರುತ್ತದೆ, ಹಿಂದೆಯೇ ಗಂಟಲು ಕಟ್ಟುತ್ತದೆ. ಯುದ್ಧಕಾಲದ ಪ್ರಾಣಿಗಳ ಬಗ್ಗೆ ಹಾಸ್ಯದ ಅನಿಮೇಷನ್ ಕಿರುಚಿತ್ರ ಮಾಡಹೊರಟ ವಿದ್ಯಾರ್ಥಿ ಹಿಡಿಯಬೇಕಾದ್ದು ಇದನ್ನೇ. ಪ್ರಾಣಿಗೆ ಯುದ್ಧ ನಡೆಯುತ್ತಿದೆ ಎಂಬುದು ಗೊತ್ತಿಲ್ಲ. ಅದಕ್ಕೆ ಹಸಿವು ಗೊತ್ತು, ಗೂಡು ಗೊತ್ತು, ಜೊತೆಗಾರ್ತಿ ಗೊತ್ತು, ಭಯ ಗೊತ್ತು. ಆದೇಶ, ಗಡಿ, ಬಾವುಟ, ಗೆಲುವು ಇವೆಲ್ಲ ಮನುಷ್ಯರವು. ಈ ಎರಡು ಲೋಕಗಳು ಒಂದಕ್ಕೊಂದು ತಾಗುವ ಕಡೆ ಹಾಸ್ಯ ಹುಟ್ಟುತ್ತದೆ. ಚಿತ್ರದ ಉಳಿದ ತೀರ್ಮಾನಗಳು, ಕಥೆಯಿಂದ ಹಿಡಿದು ರೆಕ್ಕೆಯ ಬಡಿತ ಎಷ್ಟು ಫ್ರೇಮಿನಲ್ಲಿ ಮುಗಿಯಬೇಕು ಎಂಬವರೆಗೆ, ಇದರ ಮೇಲೆಯೇ ನಿಲ್ಲುತ್ತವೆ.

ಈಗಾಗಲೇ ಆಗಿಹೋಗಿರುವುದು

ಪ್ರಾಣಿಗಳಿಗೆ ಸಮವಸ್ತ್ರ ತೊಡಿಸಿ ನಗಿಸುವ ಚಿತ್ರಗಳು ಅನಿಮೇಷನ್ನಿನಷ್ಟೇ ಹಳೆಯವು. ಡಿಸ್ನಿಯ 'ದಿ ಬಾರ್ನ್‌ಯಾರ್ಡ್ ಬ್ಯಾಟಲ್' (1929) ಚಿತ್ರದಲ್ಲಿ ಮಿಕ್ಕಿ ಮೌಸ್‌ನ ಪಾಳಯದ ಮೇಲೆ ಬೆಕ್ಕುಗಳ ಸೈನ್ಯ ಏರಿಬರುತ್ತದೆ. ಆ ಬೆಕ್ಕುಗಳ ತಲೆಯ ಮೇಲೆ ಜರ್ಮನ್ ಸೈನಿಕರ ಮೊನೆಯುಳ್ಳ ಶಿರಸ್ತ್ರಾಣ ಇದ್ದುದರಿಂದ 1930ರಲ್ಲಿ ಜರ್ಮನಿಯ ಸೆನ್ಸಾರ್ ಅದನ್ನು ತಡೆಯಿತು. 'ಬಾಸ್ಕೊ ದ ಡೋಬಾಯ್' (1931) ಮೊದಲ ಮಹಾಯುದ್ಧದ ಕಂದಕಗಳನ್ನೇ ಹಾಸ್ಯದ ಕಣವಾಗಿ ಮಾಡಿಕೊಂಡಿತು. ಅದನ್ನು ನಿರ್ದೇಶಿಸಿದ ಹ್ಯೂ ಹಾರ್ಮನ್ 1939ರಲ್ಲಿ 'ಪೀಸ್ ಆನ್ ಅರ್ತ್' ಮಾಡಿದರು. ಅದರಲ್ಲಿ ಮನುಷ್ಯರು ಹೊಡೆದಾಡಿ ಅಳಿದುಹೋಗಿದ್ದಾರೆ, ಅಜ್ಜ ಅಳಿಲು ಮೊಮ್ಮಕ್ಕಳಿಗೆ ಮನುಷ್ಯ ಎಂದರೆ ಎಂಥ ಪ್ರಾಣಿಯಾಗಿತ್ತು ಎಂದು ವಿವರಿಸುತ್ತದೆ. ಒಬ್ಬನೇ ನಿರ್ದೇಶಕ ಎಂಟು ವರ್ಷಗಳಲ್ಲಿ ಎಷ್ಟು ದೂರ ನಡೆದ ಎಂಬುದನ್ನು ಕಾಣಲು ಈ ಎರಡನ್ನೂ ಒಟ್ಟಿಗೆ ನೋಡಬೇಕು.

ಎರಡನೇ ಮಹಾಯುದ್ಧ ಶುರುವಾದ ಮೇಲೆ ಇದೇ ಕಲೆ ಪ್ರಚಾರದ ಕೈಗೆ ಸಿಕ್ಕಿತು. ಜಪಾನಿನ ನೌಕಾಪಡೆ 'ಮೊಮೊತಾರೊ: ಸೇಕ್ರೆಡ್ ಸೈಲರ್ಸ್' (1945) ಎಂಬ ಪೂರ್ಣಾವಧಿ ಚಿತ್ರ ಮಾಡಿಸಿತು. ಅದರಲ್ಲಿ ಮುದ್ದಾದ ಕರಡಿ, ಮಂಗ, ನಾಯಿಗಳು ಪ್ಯಾರಾಶೂಟಿನಲ್ಲಿ ಇಳಿಯುತ್ತವೆ, ಎದುರಾಳಿ ಬಿಳಿಯರ ತಲೆಯ ಮೇಲೆ ಕೊಂಬುಗಳಿವೆ. ಅಮೆರಿಕದ ಸ್ಟುಡಿಯೋಗಳು ಜಪಾನಿಯರನ್ನು ಚಿತ್ರಿಸಿದ ರೀತಿ ಇದಕ್ಕಿಂತ ಹೀನವಾಗಿತ್ತು. ಅಂಥ ಕೆಲವು ಚಿತ್ರಗಳನ್ನು ಅವನ್ನು ಮಾಡಿದ ಕಂಪನಿಗಳೇ ಇಂದು ಹೊರಗೆ ತೋರಿಸುವುದಿಲ್ಲ. ಕಲಿಯುವವರು ಇವನ್ನು ನೋಡಲೇಬೇಕು. ಮುದ್ದು ಪ್ರಾಣಿಯೊಂದನ್ನು ಮುಂದಿಟ್ಟುಕೊಂಡು ಏನನ್ನು ಬೇಕಾದರೂ ಮಾರಬಹುದು ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಒಂದು ದೇಶದವರನ್ನು ಹಂದಿ, ಇನ್ನೊಂದು ದೇಶದವರನ್ನು ಸಿಂಹ ಮಾಡಿ ಚಿತ್ರ ತೆಗೆಯುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಮೊದಲ ವಾರದಲ್ಲೇ ಬಿಡುವುದು ಒಳ್ಳೆಯದು.

ಪ್ರಾಣಿಯನ್ನು ಎಷ್ಟು ಮನುಷ್ಯನಾಗಿಸುವುದು ಎಂಬ ಪ್ರಶ್ನೆಯನ್ನೂ ಶುರುವಿಗೇ ತೀರ್ಮಾನಿಸಬೇಕು. ಬಟ್ಟೆ ತೊಟ್ಟು ಎರಡು ಕಾಲಿನ ಮೇಲೆ ನಡೆಯುವ ಪ್ರಾಣಿ ಒಂದು ತುದಿ. 2005ರ 'ವೇಲಿಯಂಟ್' ಚಿತ್ರದ ಮಾತಾಡುವ ಪಾರಿವಾಳಗಳು ಮಧ್ಯದಲ್ಲಿ ಬರುತ್ತವೆ. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಅವರ 'ಫ್ಲೋ' (2024) ಇನ್ನೊಂದು ತುದಿ: ಅಲ್ಲಿನ ಬೆಕ್ಕು ಬೆಕ್ಕಾಗಿಯೇ ಇರುತ್ತದೆ, ಒಂದು ಮಾತೂ ಇಲ್ಲ. ಯುದ್ಧದ ವಸ್ತುವಿಗೆ ಈ ಕೊನೆಯ ದಾರಿಯೇ ಸರಿ ಎಂಬುದು ನನ್ನ ಗಟ್ಟಿ ನಂಬಿಕೆ. ಪ್ರಾಣಿ ಸೆಲ್ಯೂಟ್ ಹೊಡೆದ ಗಳಿಗೆಯೇ ಅದು ಸೈನಿಕನಾಗಿಬಿಡುತ್ತದೆ. ಅದಕ್ಕೆ ಯುದ್ಧ ಅರ್ಥವಾಗಿದೆ ಎಂದು ನೋಡುಗ ಒಪ್ಪಿಕೊಳ್ಳುತ್ತಾನೆ. ಅಲ್ಲಿಗೆ ಮೇಲೆ ಹೇಳಿದ ಎರಡು ಲೋಕಗಳ ಅಂತರ ಹೋಯಿತು. ಉಳಿಯುವುದು ಇಲಿಯ ಮುಖವಾಡ ಹಾಕಿದ ಮಾಮೂಲಿ ಯುದ್ಧಚಿತ್ರ.

ಕಥೆ ಹುಡುಕುವುದು

ನಿಜವಾಗಿ ನಡೆದದ್ದರಲ್ಲೇ ಬೇಕಾದಷ್ಟಿದೆ. ಪೋಲೆಂಡಿನ 22ನೇ ಫಿರಂಗಿ ಪೂರೈಕೆ ಕಂಪನಿ ಸಾಕಿದ್ದ ವೊಯ್ಟೆಕ್ ಎಂಬ ಕರಡಿಯನ್ನು 1944ರಲ್ಲಿ ಇಟಲಿಗೆ ಹೋಗುವ ಹಡಗಿಗೆ ಹತ್ತಿಸಬೇಕಾಗಿತ್ತು. ಸಾಕುಪ್ರಾಣಿಗೆ ಅವಕಾಶವಿಲ್ಲ ಎಂದಾಗ ಅದನ್ನು ಸೈನಿಕ ಎಂದು ದಾಖಲೆಯಲ್ಲಿ ಸೇರಿಸಿಕೊಂಡರು. ಯುದ್ಧ ಮುಗಿದ ಮೇಲೆ ಅದು ಎಡಿನ್‌ಬರೊ ಮೃಗಾಲಯದಲ್ಲಿ 1963ರವರೆಗೆ ಬದುಕಿತು. ಜರ್ಮನಿಯ 'ಡ್ರೆಸ್ಡೆನ್' ಯುದ್ಧನೌಕೆ 1915ರಲ್ಲಿ ಮುಳುಗಿದಾಗ ಅದರಲ್ಲಿದ್ದ ಹಂದಿ ಈಜಿಕೊಂಡು ಬ್ರಿಟಿಷ್ ನೌಕೆಯ ಕಡೆಗೆ ಬಂತು. ಅದನ್ನು ಎತ್ತಿಕೊಂಡ ಶತ್ರು ನಾವಿಕರು ಅದಕ್ಕೆ ಟಿರ್ಪಿಟ್ಸ್ ಎಂದು ಜರ್ಮನ್ ಅಡ್ಮಿರಲ್‌ನ ಹೆಸರಿಟ್ಟು ಸಾಕಿದರು. ಯುದ್ಧಕಾಲವಲ್ಲದಿದ್ದರೂ, 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಹೊಲಗಳಿಗೆ ನುಗ್ಗಿದ ಎಮು ಹಕ್ಕಿಗಳ ಮೇಲೆ ಸೈನ್ಯ ಮೆಷಿನ್‌ಗನ್ ಹಿಡಿದು ಹೋಗಿ ಸೋತು ಬಂದದ್ದೂ ಇದೇ ಬಗೆಯದು.

ಆದರೂ ಮೊದಲ ಚಿತ್ರಕ್ಕೆ ನಾನು ಪಾರಿವಾಳವನ್ನೇ ಹೇಳುತ್ತೇನೆ. ಕಾರಣ ಸರಳ. ಯುದ್ಧದ ಅಂಚೆ ಪಾರಿವಾಳವೂ ನಮ್ಮ ದೇವಸ್ಥಾನದ ಗೋಪುರದಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟಿನ ಎಸಿ ಡಬ್ಬದ ಮೇಲೆ ಕೂತಿರುವ ಪಾರಿವಾಳವೂ ಒಂದೇ ಜಾತಿಯವು. ದಿನವಿಡೀ ನೋಡಿ ಚಿತ್ರ ಬಿಡಿಸಬಹುದು, ಖರ್ಚಿಲ್ಲ.

ಅಂಚೆ ಪಾರಿವಾಳದ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸರಿಯಾಗಿ ತಿಳಿದರೆ ಅರ್ಧ ಕಥೆ ಅಲ್ಲೇ ಸಿಗುತ್ತದೆ. ಅದು ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗುವ ಹಕ್ಕಿಯಲ್ಲ. ಅದಕ್ಕೆ ಗೊತ್ತಿರುವುದು ಒಂದೇ ದಾರಿ, ತನ್ನ ಗೂಡಿನದು. ಹಾಗಾಗಿ ಸೈನಿಕರು ಅದನ್ನು ಬುಟ್ಟಿಯಲ್ಲಿ ಹೊತ್ತು, ಕೆಸರು ತುಳಿದು, ಗುಂಡು ತಪ್ಪಿಸಿಕೊಂಡು ಮುಂಚೂಣಿಯವರೆಗೆ ಒಯ್ಯಬೇಕು. ಆಮೇಲೆ ಕಾಲಿಗೆ ಚೀಟಿಯ ಕೊಳವೆ ಕಟ್ಟಿ ಬಿಟ್ಟರೆ ಅದು ಮನೆಗೆ ಹಾರುತ್ತದೆ, ಕಾಳಿಗಾಗಿ ಮತ್ತು ಜೋಡಿಗಾಗಿ. ಕತ್ತಲಾದರೆ ಸಾಮಾನ್ಯವಾಗಿ ಹಾರುವುದಿಲ್ಲ. ಮುಂಚೂಣಿ ಮುಂದೆ ಹಿಂದೆ ಸರಿಯುತ್ತಿದ್ದುದರಿಂದ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಲಂಡನ್ನಿನ ಬಿ-ಟೈಪ್ ಬಸ್ಸುಗಳನ್ನು ಪಾರಿವಾಳದ ಗೂಡುಗಳನ್ನಾಗಿ ಮಾರ್ಪಡಿಸಿ ಫ್ರಾನ್ಸಿಗೆ ಒಯ್ದರು. ಗೂಡಿಗೇ ಚಕ್ರ ಬಂತು.

ಈ ಒಂದು ವಿವರ ಸಾಕು. ಉದಾಹರಣೆಗೆ ಮೂರು ನಿಮಿಷದ ಚಿತ್ರವೊಂದನ್ನು ಇಲ್ಲೇ ಕಟ್ಟೋಣ.

ಬಸ್ಸಿನ ಮಹಡಿಯ ಗೂಡಿನಲ್ಲಿ ಒಂದು ಗಂಡು ಪಾರಿವಾಳ ಜೋಡಿಯ ಸುತ್ತ ಕತ್ತು ಉಬ್ಬಿಸಿ ತಿರುಗುತ್ತಿದೆ. ಎರಡು ಕೈಗಳು ಬಂದು ಅದನ್ನು ಹಿಡಿದು ಬುಟ್ಟಿಗೆ ಹಾಕುತ್ತವೆ. ಬುಟ್ಟಿಯ ಕಂಡಿಯಿಂದ ನಾವು ಬೂಟು, ಕೆಸರು, ಓಟ, ಬೀಳುವುದು, ಏಳುವುದನ್ನು ಕಾಣುತ್ತೇವೆ. ಕಂದಕದಲ್ಲಿ ಅಧಿಕಾರಿಯ ಕೈ ಚೀಟಿ ಬರೆಯುತ್ತದೆ, ಹೊಡೆದುಹಾಕುತ್ತದೆ, ಮತ್ತೆ ಬರೆಯುತ್ತದೆ. ಹಕ್ಕಿಯನ್ನು ತೂರುತ್ತಾರೆ. ಅದು ಹಾರಿ ಬಂದು ನೋಡಿದರೆ ಬಸ್ಸಿಲ್ಲ, ನೆಲದ ಮೇಲೆ ಗಾಲಿಯ ಗುರುತು ಮಾತ್ರ. ಬಸ್ಸಿಗೆ ಸ್ಥಳ ಬದಲಿಸಲು ಆದೇಶ ಬಂದಿದೆ. ಹಕ್ಕಿ ನಡೆದುಕೊಂಡೇ ಗಾಲಿಯ ಗುರುತನ್ನು ಹಿಂಬಾಲಿಸುತ್ತದೆ. ಎದುರಿಗೆ ಸಾಲು ಸಾಲು ಲಾರಿಗಳು, ಒಂದು ಟ್ಯಾಂಕು, ಸೈನಿಕರ ದಂಡು, ಎಲ್ಲವೂ ಅದು ಬಂದ ದಿಕ್ಕಿಗೆ ಹೋಗುತ್ತಿವೆ. ಕಡೆಗೆ ಬಸ್ಸು ಸಿಗುತ್ತದೆ. ಕೈಗಳು ಕೊಳವೆ ಬಿಚ್ಚುತ್ತವೆ. ಚೀಟಿ ಕೈಯಿಂದ ಕೈಗೆ, ಒಂದಕ್ಕಿಂತ ಒಂದು ದೊಡ್ಡ ಪದವಿಯ ತೋಳಪಟ್ಟಿಗಳ ಕಡೆಗೆ ಸಾಗುತ್ತದೆ. ದೊಡ್ಡ ಅಧಿಕಾರಿ ಬಿಡಿಸಿ ನೋಡಿದರೆ ಅದರಲ್ಲಿರುವುದು ಒಂದು ಪಾರಿವಾಳದ ಚಿತ್ರ ಮತ್ತು ಕೂಡಿಸುವ ಚಿಹ್ನೆ: ಇನ್ನೂ ಪಾರಿವಾಳ ಕಳಿಸಿ. ಹಕ್ಕಿ ಎರಡು ಕಾಳು ಹೆಕ್ಕಿದೆ, ಮೂರನೆಯದಕ್ಕೆ ಕೊಕ್ಕು ಹಾಕುವಷ್ಟರಲ್ಲಿ ಅದೇ ಎರಡು ಕೈಗಳು ಬರುತ್ತವೆ.

ಇಲ್ಲಿ ಹಕ್ಕಿ ಎಲ್ಲೂ ತಮಾಷೆ ಮಾಡುತ್ತಿಲ್ಲ. ಮನೆಗೆ ಹೋಗಬೇಕು, ತಿನ್ನಬೇಕು, ಅಷ್ಟೇ ಅದರ ಆಸೆ. ನಗು ಹುಟ್ಟುವುದು ಮನುಷ್ಯರ ಏರ್ಪಾಡಿನಿಂದ. ಇನ್ನೊಂದು ಅನುಕೂಲವನ್ನೂ ಗಮನಿಸಿ: ಮನುಷ್ಯರ ಮುಖ ಒಂದೂ ಇಲ್ಲ. ಕೈ, ಬೂಟು, ತೋಳಪಟ್ಟಿ ಇಷ್ಟೇ. ಮುಖ ಅನಿಮೇಟ್ ಮಾಡುವುದು ವಿದ್ಯಾರ್ಥಿ ತಂಡಗಳ ಸಮಯ ತಿಂದುಹಾಕುವ ಕೆಲಸ, ಅದು ತಪ್ಪುತ್ತದೆ. ಪಾರಿವಾಳದ ಎತ್ತರದಿಂದ ನೋಡಿದರೆ ಸೈನ್ಯ ಎಂದರೆ ಬೂಟುಗಳೇ, ಆದ್ದರಿಂದ ಇದು ಉಳಿತಾಯವಷ್ಟೇ ಅಲ್ಲ, ಕಥೆಗೂ ಸಲ್ಲುತ್ತದೆ. ಕಂದಕವೂ ಹಾಗೆಯೇ: ಎರಡು ಮಣ್ಣಿನ ಗೋಡೆ, ಮೇಲೊಂದು ಆಕಾಶದ ಪಟ್ಟಿ. ಒಂದೇ ಹಿನ್ನೆಲೆಯನ್ನು ಹತ್ತು ಶಾಟಿಗೆ ಬಳಸಬಹುದು.

ಸಾಕ್ಷಿಗಳನ್ನು ಹುಡುಕುವಾಗ ಒಂದು ಎಚ್ಚರ ಬೇಕು. ಯುದ್ಧದ ಪ್ರಾಣಿಗಳ ಕಥೆಗಳು ಬಾಯಿಂದ ಬಾಯಿಗೆ ಬೆಳೆದಿವೆ. ಷೇರ್ ಅಮಿ ಹೆಣ್ಣೋ ಗಂಡೋ ಎಂಬುದೇ ದಶಕಗಳ ಕಾಲ ವಿವಾದವಾಗಿತ್ತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿರುವ ಅದರ ದೇಹದ ಡಿಎನ್ಎ ಪರೀಕ್ಷೆಯಿಂದ ಅದು ಗಂಡು ಎಂದು 2021ರಲ್ಲಷ್ಟೇ ಖಚಿತವಾಯಿತು. ಹಾಸ್ಯಚಿತ್ರಕ್ಕೂ ನಿಖರತೆ ಬೇಕು. ಬುಟ್ಟಿ, ಕೊಳವೆ, ಬಸ್ಸು ಸರಿಯಾಗಿದ್ದರೆ ಉಳಿದ ಕಲ್ಪನೆಯನ್ನು ನೋಡುಗ ನಂಬುತ್ತಾನೆ. ಅಮೆರಿಕ ಸರ್ಕಾರದ ಹಳೆಯ ಯುದ್ಧ ಛಾಯಾಚಿತ್ರಗಳು ಬಹುಪಾಲು ಎಲ್ಲರ ಬಳಕೆಗೆ ಮುಕ್ತವಾಗಿವೆ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹವನ್ನು ನೋಡಿ ಕಲಿಯಬಹುದು, ಆದರೆ ಆ ಚಿತ್ರಗಳನ್ನೇ ನಿಮ್ಮ ಸಿನಿಮಾದಲ್ಲಿ ಇಡುವ ಮುನ್ನ ಬಳಕೆಯ ಷರತ್ತು ಓದಬೇಕು.

ಲೆಕ್ಕ, ಬೋರ್ಡು, ಆನಿಮೇಟಿಕ್

ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್. ಮೂರು ನಿಮಿಷಕ್ಕೆ 4,320. ಪ್ರತಿ ಚಿತ್ರವನ್ನು ಎರಡು ಫ್ರೇಮ್ ಹಿಡಿದರೆ, ಅಂದರೆ 'ಟೂಸ್' ಮೇಲೆ ಕೆಲಸ ಮಾಡಿದರೆ, 2,160 ಚಿತ್ರಗಳು. ಹೊಸಬನೊಬ್ಬ ಬಣ್ಣ ಬಿಟ್ಟು ಬರೀ ಗೆರೆಯ ಅನಿಮೇಷನ್ನನ್ನು ವಾರಕ್ಕೆ ನಾಲ್ಕು ಸೆಕೆಂಡು ಮುಗಿಸುತ್ತಾನೆ ಎಂದು ಹಿಡಿಯಿರಿ. ನಾಲ್ವರ ತಂಡ ವಾರಕ್ಕೆ 16 ಸೆಕೆಂಡು ಮುಗಿಸುತ್ತದೆ, 180 ಸೆಕೆಂಡಿಗೆ ಹನ್ನೆರಡು ವಾರ ಹತ್ತಿರ ಬರುತ್ತದೆ. ಜ್ವರ, ಪರೀಕ್ಷೆ, ಹಬ್ಬ, ಕೆಟ್ಟ ಹಾರ್ಡ್‌ಡಿಸ್ಕ್ ಸೇರಿಸಿದರೆ ಹದಿನಾರು. ಕಥೆ ಬರೆಯುವ ಮೊದಲೇ ಈ ಲೆಕ್ಕವನ್ನು ಗೋಡೆಯ ಮೇಲೆ ಬರೆದಿಡಬೇಕು. ಎಂಟು ನಿಮಿಷದ ಕಥೆ ಹೊತ್ತು ಬಂದ ತಂಡ ಈ ಲೆಕ್ಕದ ಮುಂದೆ ತಾನಾಗಿಯೇ ಕತ್ತರಿ ಹಿಡಿಯುತ್ತದೆ. ಹಾಸ್ಯಕ್ಕೆ ಅದು ಒಳ್ಳೆಯದೇ.

ಸ್ಟೋರಿಬೋರ್ಡನ್ನು ಸಣ್ಣ ಚೀಟಿಗಳ ಮೇಲೆ, ಚೀಟಿಗೊಂದು ಚಿತ್ರದಂತೆ ಬಿಡಿಸಿ ಗೋಡೆಗೆ ಅಂಟಿಸಿ. ಕಿತ್ತು ಜಾಗ ಬದಲಿಸುವುದು ಸುಲಭವಾಗಬೇಕು. ಒಬ್ಬರು ಮುಂದೆ ನಿಂತು ಬಾಯಿಂದಲೇ ಸದ್ದು ಮಾಡುತ್ತಾ ಇಡೀ ಕಥೆಯನ್ನು ಆಡಿ ತೋರಿಸಲಿ. ಆಮೇಲೆ ಅದೇ ಚಿತ್ರಗಳನ್ನು ಎಡಿಟಿಂಗ್ ಟೈಮ್‌ಲೈನ್ ಮೇಲೆ ಜೋಡಿಸಿ, ಪ್ರತಿಯೊಂದಕ್ಕೂ ಅದರ ಅವಧಿ ಕೊಟ್ಟು, ತಾತ್ಕಾಲಿಕ ಸದ್ದು ಸೇರಿಸಿದರೆ ಆನಿಮೇಟಿಕ್ ಸಿದ್ಧ.

ಹಾಸ್ಯಚಿತ್ರ ಗೆಲ್ಲುವುದೂ ಸೋಲುವುದೂ ಆನಿಮೇಟಿಕ್‌ನಲ್ಲೇ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಬಣ್ಣ ಬಳಿದ ಮೇಲೆ, ಬೆಳಕು ಹಾಕಿದ ಮೇಲೆ ನಗು ಬರುತ್ತದೆ ಎಂದು ಕಾಯುವ ತಂಡಗಳಿವೆ. ಬರುವುದಿಲ್ಲ. ಕಡ್ಡಿಗೆರೆಯ ಪಾರಿವಾಳ ನಗಿಸದಿದ್ದರೆ ಸಾವಿರಾರು ಗರಿ ಇರುವ ಪಾರಿವಾಳವೂ ನಗಿಸದು. ಆನಿಮೇಟಿಕ್ಕನ್ನು ತಂಡದ ಹೊರಗಿನವರಿಗೆ ತೋರಿಸಿ: ಬೇರೆ ವಿಭಾಗದ ಗೆಳೆಯರು, ಮನೆಯ ಅಜ್ಜಿ, ಪಕ್ಕದ ಮನೆಯ ಮಕ್ಕಳು. ಮೊದಲೇ ಏನನ್ನೂ ವಿವರಿಸಬೇಡಿ, ಮುಗಿದ ಮೇಲೆ ಚೆನ್ನಾಗಿದೆಯೇ ಎಂದು ಕೇಳಲೂ ಬೇಡಿ. ಪಕ್ಕದಲ್ಲಿ ಕೂತು ಅವರ ಮುಖ ನೋಡಿ, ಎಲ್ಲಿ ನಕ್ಕರು, ಎಲ್ಲಿ ಫೋನು ನೋಡಿದರು ಎಂದು ಬರೆದುಕೊಳ್ಳಿ. ಗಾಲಿಯ ಗುರುತಿನ ಮುಂದೆ ಹಕ್ಕಿ ನಿಂತಾಗ ನಗು ಬರಲಿಲ್ಲವೇ? ಆ ಶಾಟನ್ನು ಹನ್ನೆರಡು ಫ್ರೇಮ್ ಹೆಚ್ಚಿಸಿ ನೋಡಿ, ಆಗಲೂ ಇಲ್ಲದಿದ್ದರೆ ಹಿಂದಿನ ಶಾಟಿನಲ್ಲಿ ಬಸ್ಸು ಅದೇ ಜಾಗದಲ್ಲಿತ್ತು ಎಂಬುದು ಸ್ಪಷ್ಟವಾಗಿ ಕಂಡಿದೆಯೇ ಎಂದು ಪರೀಕ್ಷಿಸಿ. ಬಾರದ ನಗುವಿನ ಕಾರಣ ಬಹಳ ಸಲ ಒಂದು ಶಾಟ್ ಹಿಂದೆಯೇ ಇರುತ್ತದೆ.

ಹಕ್ಕಿ ಹಕ್ಕಿಯಂತೆ ಚಲಿಸಬೇಕು

ಪಾರಿವಾಳ ನಡೆಯುವಾಗ ತಲೆ ಹಿಂದೆ ಮುಂದೆ ಆಡುತ್ತದೆ ಎಂದು ನಮಗೆ ಕಾಣುತ್ತದೆ. ಹಾಗೆಯೇ ಬಿಡಿಸಿದರೆ ಅದು ಕೀಲುಗೊಂಬೆಯಾಗುತ್ತದೆ. ನಿಜದಲ್ಲಿ ನಡೆಯುವುದೇ ಬೇರೆ. ತಲೆ ಚಕ್ಕನೆ ಮುಂದಕ್ಕೆ ಹೋಗಿ ಅಲ್ಲೇ, ಆ ಬಿಂದುವಿನಲ್ಲೇ, ಅಲುಗದೆ ನಿಲ್ಲುತ್ತದೆ. ದೇಹ ನಿಧಾನವಾಗಿ ಬಂದು ಅದನ್ನು ಸೇರುತ್ತದೆ. ಆಮೇಲೆ ತಲೆ ಮತ್ತೆ ಮುಂದಕ್ಕೆ. ಕಣ್ಣಿಗೆ ಸುತ್ತಲ ದೃಶ್ಯ ಸ್ಥಿರವಾಗಿ ಕಾಣಲು ಹಕ್ಕಿ ಹೀಗೆ ಮಾಡುತ್ತದೆ. ಪಾರಿವಾಳವನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಸುತ್ತಲ ದೃಶ್ಯ ಸರಿಯದಂತೆ ಮಾಡಿದಾಗ ತಲೆಯಾಟ ನಿಂತುಹೋದದ್ದನ್ನು 1978ರ ಪ್ರಯೋಗವೊಂದು ತೋರಿಸಿತು. ಅನಿಮೇಟರ್‌ಗೆ ಇದರಿಂದ ಸಿಗುವ ಸೂತ್ರ: ವಾಕ್ ಸೈಕಲ್ ಮಾಡುವಾಗ ತಲೆಯನ್ನು ದೇಹಕ್ಕೆ ಕಟ್ಟಬೇಡಿ, ಹಿನ್ನೆಲೆಗೆ ಕಟ್ಟಿ. ಕಂಪ್ಯೂಟರಿನಲ್ಲಿ ರಿಗ್ ಮಾಡುವವರು ತಲೆಯ ಕಂಟ್ರೋಲನ್ನು ದೇಹದಿಂದ ಬಿಡಿಸಿ ಇಡಬೇಕು. ಈ ಒಂದನ್ನು ಸರಿಮಾಡಿದರೆ ಪಾರಿವಾಳ ಬದುಕಿತು.

ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಆದ್ದರಿಂದ ಅದು ಏನನ್ನಾದರೂ ಕೂಲಂಕಷವಾಗಿ ನೋಡಬೇಕಾದರೆ ಮುಖ ತಿರುಗಿಸಿ ಒಂದೇ ಕಣ್ಣಿನಿಂದ ನೋಡುತ್ತದೆ. ಅಧಿಕಾರಿಯ ಕೈ ಚೀಟಿ ಹೊಡೆದುಹಾಕುತ್ತಿರುವಾಗ ಹಕ್ಕಿ ಬಲಗಣ್ಣಿನಿಂದ ಒಮ್ಮೆ, ತಲೆ ತಿರುಗಿಸಿ ಎಡಗಣ್ಣಿನಿಂದ ಒಮ್ಮೆ ನೋಡಿದರೆ ಸಾಕು. ಹುಬ್ಬು ಬೇಡ, ನಗುವ ಕೊಕ್ಕು ಬೇಡ. ಬಹುತೇಕ ಹಕ್ಕಿಗಳು ನೀರು ಬಾಯಿಗೆ ತುಂಬಿಕೊಂಡು ತಲೆ ಎತ್ತಿ ನುಂಗುತ್ತವೆ. ಪಾರಿವಾಳ ಕೊಕ್ಕು ಮುಳುಗಿಸಿ ನಮ್ಮ ಹಾಗೆ ಹೀರುತ್ತದೆ. ಗುಂಡಿನಿಂದಾದ ಗುಂಡಿಯಲ್ಲಿ ನಿಂತ ಮಳೆನೀರನ್ನು ಅದು ಹೀರುತ್ತಾ ನಿಲ್ಲುವ ಒಂದು ಶಾಟ್, ಹಿಂದೆ ಯುದ್ಧ ಸಾಗುತ್ತಿರಲಿ.

ಹಾರಾಟ ಕಷ್ಟದ ಕೆಲಸ. ಸಲೀಸಾಗಿ ಹಾರುವಾಗ ಪಾರಿವಾಳ ಸೆಕೆಂಡಿಗೆ ಸುಮಾರು ಆರು ಸಲ ರೆಕ್ಕೆ ಬಡಿಯುತ್ತದೆ ಎಂದು ಹಿಡಿದರೆ ಒಂದು ಬಡಿತಕ್ಕೆ ನಾಲ್ಕೇ ಫ್ರೇಮ್. ನೆಲದಿಂದ ಎದ್ದಾಗ ಇನ್ನೂ ವೇಗ. ಇಲ್ಲಿ ಟೂಸ್ ನಡೆಯುವುದಿಲ್ಲ, ಫ್ರೇಮಿಗೊಂದು ಚಿತ್ರ ಬೇಕು. ರೆಕ್ಕೆ ಮೇಲೆ, ರೆಕ್ಕೆ ಕೆಳಗೆ, ನಡುವೆ ಗೆರೆ ಎಳೆದು ಮಸುಕಾಗಿಸಿದ ಎರಡು ಚಿತ್ರ: ಈ ನಾಲ್ಕನ್ನು ಸರಿಯಾಗಿ ಬಿಡಿಸಿಕೊಂಡರೆ ಅದನ್ನೇ ಸುತ್ತಿ ಸುತ್ತಿ ಬಳಸಬಹುದು. ನಮ್ಮ ಮಾದರಿ ಕಥೆಯಲ್ಲಿ ಹಕ್ಕಿ ಹೆಚ್ಚು ಹೊತ್ತು ನಡೆಯುವುದಕ್ಕೆ ಇದೂ ಒಂದು ಕಾರಣ.

ಹಾಸ್ಯದ ಟೈಮಿಂಗ್ ಎಂದರೆ ಬಹುಪಾಲು ನಿಲ್ಲುವುದು. ಏನೋ ಆಗುತ್ತದೆ, ಹಕ್ಕಿ ಅಲುಗುವುದಿಲ್ಲ, ಹತ್ತು ಹನ್ನೆರಡು ಫ್ರೇಮ್ ಕಳೆಯುತ್ತದೆ, ರೆಪ್ಪೆ ಒಮ್ಮೆ ಮುಚ್ಚಿ ತೆರೆಯುತ್ತದೆ, ಆಮೇಲೆ ಪ್ರತಿಕ್ರಿಯೆ. ಹೊಸಬರು ಈ ಖಾಲಿ ಜಾಗ ಕಂಡು ಹೆದರಿ ಅಲ್ಲೊಂದು ಚಲನೆ ತುಂಬುತ್ತಾರೆ. ತುಂಬಬೇಡಿ.

ಸಾಧನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬ್ಲೆಂಡರ್ ಉಚಿತ, ಅದರೊಳಗಿನ ಗ್ರೀಸ್ ಪೆನ್ಸಿಲ್‌ನಲ್ಲಿ ಕೈಯಿಂದ ಬಿಡಿಸಿದ ಅನಿಮೇಷನ್ನೂ ಆಗುತ್ತದೆ. ಓಪನ್‌ಟೂನ್ಸ್, ಕೃತಾ ಕೂಡ ಉಚಿತ. 'ಫ್ಲೋ' ತಯಾರಾದದ್ದು ಬ್ಲೆಂಡರಿನಲ್ಲಿ, ಅದಕ್ಕೆ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು. ಸಾಫ್ಟ್‌ವೇರ್ ಕೊಳ್ಳಲಾಗಲಿಲ್ಲ ಎಂಬ ಕಾರಣಕ್ಕೆ ಯಾರೂ ಕೈಕಟ್ಟಿ ಕೂರಬೇಕಿಲ್ಲ. ಫೈಲುಗಳಿಗೆ ಶಾಟ್ ಸಂಖ್ಯೆಯ ಪ್ರಕಾರ ಹೆಸರಿಡಿ, ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಪ್ರತಿ ಇರಲಿ.

ಸದ್ದಿನಲ್ಲಿ ಯುದ್ಧ

ಮಾತಿಲ್ಲದ ಚಿತ್ರದಲ್ಲಿ ಯುದ್ಧವನ್ನು ತೋರಿಸುವುದಕ್ಕಿಂತ ಕೇಳಿಸುವುದು ಪರಿಣಾಮಕಾರಿ, ಅಗ್ಗವೂ ಹೌದು. ದೂರದ ಸ್ಫೋಟಕ್ಕೆ ಕಂದಕದ ಗೋಡೆಯಿಂದ ಒಂದಿಷ್ಟು ಮಣ್ಣು ಉದುರಿದರೆ ಸಾಕು. ರೆಕ್ಕೆಯ ಸದ್ದಿಗೆ ಚರ್ಮದ ಕೈಗವಸುಗಳನ್ನು ಒಂದಕ್ಕೊಂದು ಬಡಿಯುವುದು ಫೋಲಿ ಕಲಾವಿದರ ಹಳೆಯ ಉಪಾಯ. ಕೆಸರಿನ ಹೆಜ್ಜೆಗೆ ಒದ್ದೆ ಬಟ್ಟೆ ಹಿಂಡಿ ನೆಲಕ್ಕೆ ಒತ್ತಿ ನೋಡಿ. ಪಾರಿವಾಳದ ಗುಟುರನ್ನು ನಿಜದ ಹಕ್ಕಿಯಿಂದಲೇ, ಮುಂಜಾನೆ ವಾಹನಗಳ ಸದ್ದು ಕಡಿಮೆ ಇರುವಾಗ ರೆಕಾರ್ಡ್ ಮಾಡಿ. ಆದರೆ ಗೂಡಿಗೆ ಕೈ ಹಾಕಿ, ಹೆದರಿಸಿ ಸದ್ದು ಪಡೆಯುವುದು ಬೇಡ. 'ಫ್ಲೋ' ಚಿತ್ರದಲ್ಲಿ ಪ್ರಾಣಿಗಳ ದನಿಗಳೆಲ್ಲ ನಿಜ ಪ್ರಾಣಿಗಳವು, ಕ್ಯಾಪಿಬಾರಾದ ದನಿ ಮಾತ್ರ ಪಾತ್ರಕ್ಕೆ ಹೊಂದದೆ ಒಂಟೆಮರಿಯ ದನಿ ಬಳಸಿದರು. ಸಂಗೀತ ನಿಮ್ಮದೇ ಇರಲಿ. ಯೂಟ್ಯೂಬಿನಿಂದ ಎತ್ತಿದ ಒಂದು ಹಾಡಿನ ತುಣುಕು ಇಡೀ ಚಿತ್ರವನ್ನು ಉತ್ಸವಗಳಿಂದ ಹೊರಗಿಡಬಲ್ಲದು.

ಎಲ್ಲಿಯವರೆಗೆ ನಗಿಸುವುದು

ಮೊದಲ ಮಹಾಯುದ್ಧದಲ್ಲಿ ಸತ್ತ ಕುದುರೆ, ಹೇಸರಗತ್ತೆಗಳ ಸಂಖ್ಯೆ ಸುಮಾರು 80 ಲಕ್ಷ ಎಂಬ ಅಂದಾಜಿದೆ. ಲಂಡನ್ನಿನ ಹೈಡ್ ಪಾರ್ಕಿನ ಅಂಚಿನಲ್ಲಿ 2004ರಲ್ಲಿ ಯುದ್ಧದ ಪ್ರಾಣಿಗಳಿಗೆಂದು ಸ್ಮಾರಕವೊಂದು ಎದ್ದಿತು. ಆಯ್ಕೆಯ ಅವಕಾಶ ಆ ಪ್ರಾಣಿಗಳಿಗೆ ಇರಲಿಲ್ಲ ಎಂದು ಅದರ ಮೇಲೆ ಕೆತ್ತಿದ್ದಾರೆ. ಈ ವಸ್ತುವಿನ ಮೇಲೆ ಹಾಸ್ಯಚಿತ್ರ ಮಾಡುವವರು ಇದನ್ನು ಮರೆಯುವಂತಿಲ್ಲ.

ಹಳೆಯ ಕಾರ್ಟೂನುಗಳಲ್ಲಿ ಬಾಂಬ್ ಸಿಡಿದರೆ ಪಾತ್ರದ ಮುಖ ಕಪ್ಪಾಗುತ್ತದೆ, ಮುಂದಿನ ಶಾಟಿನಲ್ಲಿ ತೊಳೆದಂತಿರುತ್ತದೆ. ಆ ರಬ್ಬರ್ ದೇಹಗಳ ಲೋಕಕ್ಕೂ ಅದರ ಸೊಗಸಿದೆ, ಆದರೆ ನಿಜವಾದ ಯುದ್ಧವನ್ನು ಹೆಸರಿಸಿದ ಚಿತ್ರದಲ್ಲಿ ಅದನ್ನು ಬಳಸಿದರೆ ಯುದ್ಧವೇ ಆಟವಾಗಿ ಕಾಣುತ್ತದೆ. ನಿಮ್ಮ ಹಕ್ಕಿ ಸಾಯಬಲ್ಲದು ಎಂದು ನೋಡುಗನಿಗೆ ಒಮ್ಮೆಯಾದರೂ ಅನ್ನಿಸಬೇಕು. ಮಾದರಿ ಕಥೆಯಲ್ಲಿ ಬುಟ್ಟಿ ಹೊತ್ತವನು ಬೀಳುವ ಜಾಗ ಅದಕ್ಕೆ ಸರಿ. ಬುಟ್ಟಿ ನೆಲಕ್ಕೆ ಬೀಳುತ್ತದೆ, ಸದ್ದೆಲ್ಲ ನಿಲ್ಲುತ್ತದೆ, ಕಂಡಿಯಾಚೆ ಬೂಟು ಅಲುಗುತ್ತಿಲ್ಲ. ಹಕ್ಕಿ ಒಂದು ಕಣ್ಣಿನಿಂದ ನೋಡುತ್ತದೆ. ಬೇರೊಂದು ಜೋಡಿ ಬೂಟು ಬಂದು ಬುಟ್ಟಿ ಎತ್ತಿಕೊಂಡು ಓಡುತ್ತದೆ. ಎರಡು ಸೆಕೆಂಡು ಸಾಕು. ಅದನ್ನು ವಿವರಿಸಲು, ಅದಕ್ಕೆ ಶೋಕದ ಪಿಟೀಲು ಹಾಕಲು ಹೋಗಬೇಡಿ. ಅಲ್ಲಿಂದ ಮುಂದೆ ಬರುವ ಪ್ರತಿ ನಗುವಿಗೂ ತೂಕ ಬಂದಿರುತ್ತದೆ, ಕೊನೆಯಲ್ಲಿ ಚೀಟಿ ತೆರೆದಾಗ ಆ ಎರಡು ಸೆಕೆಂಡು ನೋಡುಗನಿಗೆ ನೆನಪಾಗುತ್ತದೆ.

ಮುಗಿದ ಚಿತ್ರವನ್ನು ಎಲ್ಲಿಗೆ ಕಳಿಸುವುದು? ಫ್ರಾನ್ಸಿನ ಆನ್ಸಿ ಉತ್ಸವದಲ್ಲಿ ಪದವಿ ಚಿತ್ರಗಳಿಗೇ ಪ್ರತ್ಯೇಕ ವಿಭಾಗವಿದೆ. ಮುಂಬೈಯ ಎಂಐಎಫ್ಎಫ್ ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಷನ್‌ಗಳಿಗೇ ಮೀಸಲಾದ ಉತ್ಸವ. ಬೆಂಗಳೂರಿನಲ್ಲೂ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ನಡೆಯುತ್ತದೆ. ಮಾತಿಲ್ಲದ ಚಿತ್ರಕ್ಕೆ ಸಬ್‌ಟೈಟಲ್ ಬೇಡವಾದ್ದರಿಂದ ಯಾವ ದೇಶಕ್ಕಾದರೂ ಹೋಗಬಲ್ಲದು.

ಕನ್ನಡದ ವಿದ್ಯಾರ್ಥಿಗಳಿಗೆ ಒಂದು ಮಾತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಪಡೆಗಳಲ್ಲಿ ಜೋಧಪುರ ಲ್ಯಾನ್ಸರ್ಸ್ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಕಡೆಗೆ ಕಡಿದಾದ ದಾರಿಯಲ್ಲಿ ಸವಾರರನ್ನು ಹೊತ್ತು ಹತ್ತಿದ್ದು ಅವರ ಕುದುರೆಗಳು. ಕುದುರೆಯ ನಾಗಾಲೋಟವನ್ನು ಬಿಡಿಸಲು 1878ರಲ್ಲಿ ಮೈಬ್ರಿಜ್ ತೆಗೆದ ಸರಣಿ ಛಾಯಾಚಿತ್ರಗಳು ಇಂದಿಗೂ ಪಾಠ: ನಾಲ್ಕೂ ಕಾಲು ನೆಲ ಬಿಡುವುದು ಅವು ಹೊಟ್ಟೆಯಡಿ ಮಡಚಿದಾಗ, ಚಾಚಿದಾಗ ಅಲ್ಲ. ಹೈಫಾದ ಸವಾರರ ಕಥೆ ಪುಸ್ತಕಗಳಲ್ಲಿದೆ. ಎಲ್ಲಿಗೆ ಬಂದಿದ್ದೇನೆ, ಮೇವು ಎಲ್ಲಿ ಎಂದು ನೋಡುವ ಒಂದು ಕುದುರೆಯ ಕಡೆಯಿಂದ ಆ ದಿನವನ್ನು ನೀವು ಹೇಳಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ, ಈ ವರ್ಷದ ಪ್ರಾಜೆಕ್ಟಿಗೆ ವಸ್ತು ಹುಡುಕುತ್ತಿರುವವರು ಸ್ಕೆಚ್‌ಬುಕ್ ಹಿಡಿದು ಮೊದಲು ಅಲ್ಲಿಗೆ ಹೋಗಿ ಬನ್ನಿ.